ನಾಳೆಯ ಕಥೆಗೂ ಪಹಣಿ ಬರೆಸಿಕೊಂಡವರು

ರಾಗಿಯ ಬೆಲೆ, ಮಗ್ಗದ ಕೂಲಿ, ಕೊಳವೆ ಬಾವಿಯ ನೀರು ಇಷ್ಟೂ ಸಂಕಟಗಳು ತಲೆಯ ಮೇಲಿರುವಾಗ ಯಂತ್ರಮಾನವರ ಕಥೆ, ಗ್ರಹಾಂತರ ಯಾತ್ರೆಯ ಕಥೆ, ಆ ಕಥೆಗಳ ಗ್ರಂಥಸ್ವಾಮ್ಯದ ತಕರಾರು, ಇವನ್ನು ಕುರಿತು ಬರೆಯುವುದು ಹೊಟ್ಟೆ ತುಂಬಿದವರ ಕೆಲಸವಲ್ಲವೆ ಎಂದು ಸಾಸಲು ಹೋಬಳಿಯ ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ಆಕ್ಷೇಪಣೆ ಅನ್ಯಾಯವಾದುದಲ್ಲ. ಆದರೆ ಹೊಲಕ್ಕೆ ಬೇಲಿ ಹಾಕಿದವರು ಯಾರೋ ಅವರೇ ಬಿತ್ತನೆ ಬೀಜಕ್ಕೂ ಬೇಲಿ ಹಾಕಿದರು. ಬೀಜಕ್ಕೆ ಬೇಲಿ ಹಾಕಿದವರ ನೆಂಟರೇ ಈಗ ನಮ್ಮ ಮಕ್ಕಳು ಓದಬೇಕಾದ ಕಥೆಗೂ ಬೇಲಿ ಹಾಕಿ ಕುಳಿತಿದ್ದಾರೆ. ಮೂರು ಬೇಲಿಯ ಗೂಟವೂ ಒಂದೇ ಮರದ್ದು. ಆದುದರಿಂದ ಮೂರನೆಯದನ್ನು ಕುರಿತು ನಾಲ್ಕು ಮಾತು ಆಡುವುದು ಅಪರಾಧವಾಗಲಾರದು.

ವೈಜ್ಞಾನಿಕ ಕಥೆಯೆಂದರೆ ಹುಡುಗರ ಹುಚ್ಚಾಟವೆಂದು ಮೂಗು ಮುರಿಯುವ ಪಂಡಿತರು ನಮ್ಮಲ್ಲಿ ಕಡಮೆಯಿಲ್ಲ. ಅವರು ದಯಮಾಡಿ ಒಂದು ಸಂಗತಿಯನ್ನು ಗಮನಿಸಲಿ. ‘ರೋಬೋಟ್’ ಎಂಬ ಮಾತು ಜಗತ್ತಿಗೆ ಬಂದದ್ದು ಯಾವ ಕಾರ್ಖಾನೆಯಿಂದಲೂ ಅಲ್ಲ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ಎಂಬ ನಾಟಕದಿಂದ. ಆತನ ಭಾಷೆಯಲ್ಲಿ ‘ರೊಬೊತ’ ಎಂದರೆ ಜಮೀನ್ದಾರನ ಹೊಲದಲ್ಲಿ ಒಕ್ಕಲಿನವರು ಮಾಡಲೇಬೇಕಾಗಿದ್ದ ಬಿಟ್ಟಿ ಚಾಕರಿ. ಆ ನಾಟಕದ ಹೆಸರು ನಾಯಕನದಲ್ಲ, ನಾಯಕಿಯದೂ ಅಲ್ಲ. ಯಂತ್ರದ ಆಳುಗಳನ್ನು ಮಾಡಿ ಮಾರುವ ಒಂದು ಕಂಪನಿಯ ಹೆಸರು! ಕೊನೆಗೆ ಬಿಟ್ಟಿ ಆಳುಗಳು ತಿರುಗಿಬೀಳುತ್ತಾರೆ. ಅದಕ್ಕೂ ಮುಂಚೆ, 1895ರಲ್ಲಿ, ಎಚ್.ಜಿ. ವೆಲ್ಸ್ ಬರೆದ ‘ಟೈಮ್ ಮೆಷಿನ್’ ಕಾದಂಬರಿಯಲ್ಲಿ ಮನುಷ್ಯಕುಲವು ಎರಡಾಗಿ ಸೀಳಿಹೋಗಿರುತ್ತದೆ. ನೆಲದ ಮೇಲೆ ಕೆಲಸವರಿಯದ ಸುಖಿಗಳ ಸಂತತಿ, ನೆಲದಡಿಯ ಕತ್ತಲೆಯಲ್ಲಿ ಯಂತ್ರ ನಡೆಸುವವರ ಸಂತತಿ. ವೆಲ್ಸ್ ಸಮಾಜವಾದಿಯಾಗಿದ್ದ. ಕಾಲ ಎಷ್ಟು ಲಕ್ಷ ವರ್ಷ ಮುಂದಕ್ಕೆ ಓಡಿದರೂ ಆತ ಕಂಡದ್ದು ಲಂಡನ್ನಿನ ಕೂಲಿಕಾರರನ್ನೇ.

ಇಂಥ ಸಾಹಿತ್ಯವು ಬಡವರ ಮಕ್ಕಳಿಗೆ ಬೇಡವೆಂದರೆ ಮತ್ತಾರಿಗೆ ಬೇಕು? ನಾಳೆ ಹೇಗಿರಬಹುದು ಎಂದು ಯೋಚಿಸುವ ಹಕ್ಕು ಉಳ್ಳವರಿಗೆ ಮಾತ್ರ ಇದ್ದರೆ, ನಾಳೆಯೂ ಉಳ್ಳವರದೇ ಆಗುತ್ತದೆ.

ಗೋಮಾಳವೂ ಗ್ರಂಥಸ್ವಾಮ್ಯವೂ

ಗ್ರಂಥಸ್ವಾಮ್ಯವೆಂದರೇನು ಎಂಬುದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಹಳ್ಳಿಯಲ್ಲಿ ಗೋಮಾಳವಿರುತ್ತದೆ, ಎಲ್ಲರ ದನವೂ ಅಲ್ಲಿ ಮೇಯಬಹುದು. ಕಥೆ, ಹಾಡು, ಗಾದೆ, ವಿದ್ಯೆ ಇವೆಲ್ಲ ಮನುಷ್ಯಕುಲದ ಗೋಮಾಳ. ಒಬ್ಬ ಲೇಖಕ ಅದರ ಒಂದು ಮೂಲೆಯಲ್ಲಿ ದುಡಿದು ಹೊಸ ಬೆಳೆ ತೆಗೆದರೆ, ಆ ಬೆಳೆ ಕೆಲವು ಕಾಲ ಅವನದಾಗಿರಲಿ, ಅವನ ಒಲೆ ಉರಿಯಲಿ, ಬಳಿಕ ಆ ನೆಲ ಮತ್ತೆ ಊರಿಗೆ ಸೇರಲಿ ಎಂಬುದು ಮೂಲ ಒಪ್ಪಂದ. ಇಂಗ್ಲೆಂಡಿನಲ್ಲಿ 1710ರಲ್ಲಿ ಬಂದ ಮೊದಲ ಕಾಯಿದೆಯು ಹೊಸ ಪುಸ್ತಕಕ್ಕೆ ಕೊಟ್ಟ ಅವಧಿ 14 ವರ್ಷ. ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಅಷ್ಟೆ.

ಇದು ನ್ಯಾಯವಾದ ಒಪ್ಪಂದ. ಇದನ್ನು ವಿರೋಧಿಸುವವರು ನಾವಲ್ಲ. ನಮ್ಮ ಜಗಳವಿರುವುದು ಅನಂತರ ನಡೆದ ಒತ್ತುವರಿಯೊಡನೆ. ನಮ್ಮ ದೇಶದ 1957ರ ಕಾಯಿದೆಯು ಲೇಖಕನ ಮರಣಾನಂತರ 50 ವರ್ಷವೆಂದು ನಿಗದಿ ಮಾಡಿತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳು 1992ರ ಆರಂಭಕ್ಕೆ ಜನರ ಪಾಲಾಗಬೇಕಾಗಿತ್ತು. ವಿಶ್ವಭಾರತಿಯ ಕೈಯಿಂದ ಹಕ್ಕು ತಪ್ಪದಿರಲೆಂದು ಅವಧಿಯನ್ನೇ 60 ವರ್ಷಕ್ಕೆ ಎಳೆದರು. ಒಂದು ಮನೆಯ ಗೋಡೆ ಉಳಿಸಲು ಇಡೀ ದೇಶದ ಗಡಿಕಲ್ಲು ಸರಿಸಿದಂತಾಯಿತು. ಅಂತರರಾಷ್ಟ್ರೀಯ ಒಪ್ಪಂದಗಳು ಕೇಳುವುದಾದರೂ 50 ವರ್ಷವನ್ನೇ. ನಾವಾಗಿಯೇ ಕೊಟ್ಟಿರುವ ಉಡುಗೊರೆ ಮಿಕ್ಕ 10 ವರ್ಷ.

ಇದರ ಫಲವೇನೆಂಬುದನ್ನು ಲೆಕ್ಕ ಹಾಕಿ. ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ. ಹಳೆಯ ಅವಧಿಯೇ ಇದ್ದಿದ್ದರೆ 2026ಕ್ಕೆ ಅವರ ಕೃತಿಗಳೆಲ್ಲ ಸರ್ವರ ಸೊತ್ತು. ಈಗಿನ ಅವಧಿಯಲ್ಲಿ 2036ರವರೆಗೆ ಕಾಯಬೇಕು. ಕುವೆಂಪು 1994ರಲ್ಲಿ ಹೋದರು, 2055ರವರೆಗೆ ಕಾಯಬೇಕು. ಮಕ್ಕಳಿಗೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂಥ ಮಹಾಕಾರ್ಯ ಮಾಡಿದ ಶಿವರಾಮ ಕಾರಂತರು 1997ರಲ್ಲಿ ಹೋದರು, 2058. ವಿಜ್ಞಾನಿಯನ್ನೇ ನಾಯಕನನ್ನಾಗಿಸಿ ‘ಕರ್ವಾಲೊ’ ಬರೆದ ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ಹೋದರು, 2068. ಇಂದು ಮೂರನೆಯ ತರಗತಿಯಲ್ಲಿ ಕುಳಿತಿರುವ ನಮ್ಮ ಹಳ್ಳಿಯ ಹುಡುಗಿಗೆ ಆಗ ಐವತ್ತರ ಆಸುಪಾಸು. ಕನ್ನಡಕ ಹಾಕಿಕೊಂಡು ಓದಬಹುದು!

ಈ ಮಹನೀಯರ ಮನೆಯವರನ್ನು ನಾವು ದೂರುತ್ತಿಲ್ಲ. ಅವರಲ್ಲಿ ಯಾರೂ ಕೋಟ್ಯಧೀಶರಾಗಿಲ್ಲ. ಲೇಖಕನ ಹೆಂಡತಿ ಮಕ್ಕಳ ಹೆಸರು ಹೇಳಿಕೊಂಡು ಅವಧಿಯನ್ನು ಹಿಗ್ಗಿಸುವವರು ಬೇರೆಯೇ ಇದ್ದಾರೆ. ಅವರ ಕಡೆಗೆ ಈಗ ತಿರುಗೋಣ.

ಇಲಿಯ ಕಥೆ, ಬೆಕ್ಕಿನ ನ್ಯಾಯ

ಅಮೆರಿಕದ ಡಿಸ್ನಿ ಕಂಪನಿಯು 1937ರಲ್ಲಿ ‘ಸ್ನೋ ವೈಟ್’ ಚಿತ್ರ ಮಾಡಿತು. ಆ ಕಥೆ ಯಾರದು? ಜರ್ಮನಿಯ ಹಳ್ಳಿಗಾಡಿನ ಜನರದು. ಗ್ರಿಮ್ ಸೋದರರು 1812ರಲ್ಲಿ ಅಚ್ಚು ಹಾಕಿಸಿದ್ದರು. ಡಿಸ್ನಿ ಯಾರಿಗೂ ಕಾಸು ಕೊಡಬೇಕಾಗಿರಲಿಲ್ಲ; ಗೋಮಾಳದಲ್ಲಿ ಮೇಯಿತು, ಕೊಬ್ಬಿತು. ತಪ್ಪಿಲ್ಲ, ಗೋಮಾಳವಿರುವುದೇ ಅದಕ್ಕೆ. ಆದರೆ ಇದೇ ಕಂಪನಿಯು 1928ರಲ್ಲಿ ತಂದ ಮಿಕ್ಕಿ ಇಲಿಯ ಮೊದಲ ಚಿತ್ರ ಆಗಿನ ಕಾನೂನಿನ ಪ್ರಕಾರ ಹೆಚ್ಚೆಂದರೆ 56 ವರ್ಷಕ್ಕೆ ಜನರ ಪಾಲಾಗಬೇಕಾಗಿತ್ತು. 1976ರಲ್ಲಿ ಕಾನೂನು ಹಿಗ್ಗಿತು. 1998ರಲ್ಲಿ ಮತ್ತೆ 20 ವರ್ಷ ಹಿಗ್ಗಿತು. ಅದಕ್ಕಾಗಿ ಓಡಾಡಿದವರಲ್ಲಿ ಡಿಸ್ನಿಯೂ ಒಂದು. ಕೊನೆಗೆ ಆ ಇಲಿ ಬೋನಿನಿಂದ ಹೊರಬಂದದ್ದು 2024ರ ಜನವರಿ 1ರಂದು, 95 ವರ್ಷ ಕಳೆದ ಮೇಲೆ. ಊರ ಗೋಮಾಳದಲ್ಲಿ ಮೇಯ್ದು ಬೆಳೆದ ಗೂಳಿ, ತನ್ನ ಹಟ್ಟಿಯ ಸಗಣಿಯನ್ನೂ ಯಾರೂ ಮುಟ್ಟಕೂಡದೆಂದಂತೆ!

ಹೋಗಲಿ, ಕಾನೂನನ್ನು ಇಷ್ಟು ಪ್ರೀತಿಸುವ ಈ ಕಂಪನಿಯಾದರೂ ಲೇಖಕನಿಗೆ ನ್ಯಾಯ ಮಾಡಿತೆ? ‘ಸ್ಟಾರ್ ವಾರ್ಸ್’ ಚಲನಚಿತ್ರದ ಕಾದಂಬರಿ 1976ರಲ್ಲಿ ಹೊರಬಂದಾಗ ಹೊದಿಕೆಯ ಮೇಲೆ ಇದ್ದದ್ದು ನಿರ್ದೇಶಕನ ಹೆಸರು. ಬರೆದವನು ಅಲನ್ ಡೀನ್ ಫಾಸ್ಟರ್ ಎಂಬ ಲೇಖಕ. 2012ರಲ್ಲಿ ಡಿಸ್ನಿಯು ಆ ಚಿತ್ರ ಸಂಸ್ಥೆಯನ್ನು 400 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಅನಂತರ ತನಗೆ ಬರಬೇಕಾದ ಗೌರವಧನ ನಿಂತುಹೋಯಿತೆಂದು 2020ರಲ್ಲಿ ಫಾಸ್ಟರ್ ಬಹಿರಂಗವಾಗಿ ದೂರಿದ. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಅವನ ಬೆನ್ನಿಗೆ ನಿಂತಿತು. ಸಂಘದವರು ಹೇಳಿದಂತೆ ಕಂಪನಿಯ ವಾದ ಇದು: ನಾವು ಕೊಂಡದ್ದು ಹಕ್ಕನ್ನು, ಹೊಣೆಯನ್ನಲ್ಲ. ಎಂಥ ಮಾತು! ನಮ್ಮೂರಿನಲ್ಲಿ ಯಾರಾದರೂ ಜಮೀನು ಕ್ರಯಕ್ಕೆ ಪಡೆದು, ಅದರ ಮೇಲಿನ ಬ್ಯಾಂಕಿನ ಸಾಲ ನನ್ನದಲ್ಲ ಎಂದರೆ ತಹಸೀಲ್ದಾರರು ಒಪ್ಪುತ್ತಾರೆಯೆ?

ನಮ್ಮ ಸತ್ಯಜಿತ್ ರಾಯ್ ಅವರ ಕಥೆಯನ್ನೂ ಕೇಳಿ. ಬಂಗಾಳದ ಹಳ್ಳಿಯೊಂದರ ಕೊಳಕ್ಕೆ ಅನ್ಯಗ್ರಹದ ನೌಕೆ ಬಂದಿಳಿಯುವ ‘ದಿ ಏಲಿಯನ್’ ಎಂಬ ಚಿತ್ರಕಥೆಯನ್ನು ಅವರು 1967ರಲ್ಲಿ ಬರೆದು ಹಾಲಿವುಡ್ಡಿಗೆ ಹೋದರು. ಅಲ್ಲಿ ನೋಡುತ್ತಾರೆ, ಮಧ್ಯವರ್ತಿಯೊಬ್ಬ ಆ ಚಿತ್ರಕಥೆಯ ಗ್ರಂಥಸ್ವಾಮ್ಯದಲ್ಲಿ ತನ್ನ ಹೆಸರನ್ನೂ ಸೇರಿಸಿಬಿಟ್ಟಿದ್ದಾನೆ! ಚಿತ್ರ ಆಗಲೇ ಇಲ್ಲ. ಕಲ್ಲಚ್ಚಿನ ಪ್ರತಿಗಳು ಮಾತ್ರ ಅಮೆರಿಕದಲ್ಲಿ ಕೈಯಿಂದ ಕೈಗೆ ತಿರುಗಿದವು. 1982ರಲ್ಲಿ ‘ಇ.ಟಿ.’ ಚಿತ್ರ ಬಂದಾಗ, ತಮ್ಮ ಚಿತ್ರಕಥೆ ಅಲ್ಲಿ ಹರಿದಾಡದಿದ್ದರೆ ಅದು ಸಾಧ್ಯವಿರಲಿಲ್ಲವೆಂದು ರಾಯ್ ಹೇಳಿದರು. ಅದರ ನಿರ್ದೇಶಕ ಸ್ಪೀಲ್‌ಬರ್ಗ್ ಅಲ್ಲಗಳೆದರು. ಯಾರ ಮಾತು ನಿಜವೋ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಪ್ರಪಂಚವೇ ಕೊಂಡಾಡಿದ ಕಲಾವಿದನಿಗೂ ಈ ಕಾನೂನು ಕೊಡೆಯಾಗಲಿಲ್ಲ ಎಂಬುದು ಮಾತ್ರ ನಿಶ್ಚಯ. ದೇವರು ಕೊಟ್ಟರೂ ಪೂಜಾರಿ ಕೊಡ.

ಕೊಂಡ ಪುಸ್ತಕ ಕಾಣೆಯಾದ ಬಗೆ

ಇನ್ನೊಂದು ಪ್ರಸಂಗವಂತೂ ಕಥೆಗಿಂತ ವಿಚಿತ್ರ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1949ರಲ್ಲಿ ‘1984’ ಎಂಬ ಕಾದಂಬರಿ ಪ್ರಕಟಿಸಿದ. ಅದರಲ್ಲಿ ಸರ್ವಾಧಿಕಾರಿ ಸರ್ಕಾರವು ತನಗೆ ಬೇಡವಾದ ಕಾಗದವನ್ನು ಗೋಡೆಯ ರಂಧ್ರಕ್ಕೆ ಹಾಕಿ ಸುಟ್ಟುಬಿಡುತ್ತದೆ. ಆಮೇಲೆ ಅದು ಇತ್ತೆಂಬ ನೆನಪೂ ಉಳಿಯದು. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪನಿಯು ತನ್ನ ಓದುಯಂತ್ರಗಳಲ್ಲಿ ಗಿರಾಕಿಗಳು ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕವೊಂದನ್ನು ರಾತ್ರೋರಾತ್ರಿ, ಅವರನ್ನು ಕೇಳದೆ, ದೂರದಿಂದಲೇ ಅಳಿಸಿಹಾಕಿತು. ಯಾವ ಪುಸ್ತಕ? ಅದೇ ‘1984’! ಜೊತೆಗೆ ಅವನದೇ ‘ಅನಿಮಲ್ ಫಾರ್ಮ್’. ಆ ಪ್ರತಿ ಮಾರಿದ ವ್ಯಾಪಾರಿಗೆ ಅಮೆರಿಕದಲ್ಲಿ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ಹಿಂತಿರುಗಿಸಿದರು, ಕಂಪನಿಯ ಒಡೆಯನೇ ಕ್ಷಮೆ ಕೇಳಿದ. ಆದರೆ ಪ್ರಶ್ನೆ ಉಳಿಯಿತಷ್ಟೆ: ಪುಸ್ತಕದಂಗಡಿಯವನು ಮಾರಿದ ಪುಸ್ತಕವನ್ನು ರಾತ್ರಿ ನಮ್ಮ ಮನೆಗೆ ನುಗ್ಗಿ ಒಯ್ದು, ಗೂಡಿನಲ್ಲಿ ಹಣ ಇಟ್ಟುಹೋದರೆ ಅದನ್ನು ವ್ಯಾಪಾರವೆನ್ನುತ್ತೇವೆಯೋ, ಕಳ್ಳತನವೆನ್ನುತ್ತೇವೆಯೋ?

ಆರ್ವೆಲ್ 1950ರಲ್ಲಿ ತೀರಿಕೊಂಡ. ನಮ್ಮ ದೇಶದಲ್ಲಿ 2011ರಿಂದ ಅವನ ಪುಸ್ತಕಗಳು ಸರ್ವರ ಸೊತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಕನ್ನಡಕ್ಕೆ ತರಬಹುದು. ಅಮೆರಿಕದಲ್ಲಿ ಮಾತ್ರ ‘1984’ಕ್ಕೆ 2044ರ ಕೊನೆಯವರೆಗೆ ಬೀಗ. 1946ರಲ್ಲಿ ತೀರಿಕೊಂಡ ವೆಲ್ಸ್‌ನ ಕೃತಿಗಳು ನಮ್ಮಲ್ಲಿ 2007ರಿಂದ ಬಿಡುಗಡೆಯಾಗಿವೆ, ಚಾಪೆಕ್‌ನವು ಅದಕ್ಕೂ ಮುಂಚೆ. ಬಾಗಿಲು ತೆರೆದಿದೆ, ಒಳಗೆ ಹೋಗಿ ಕನ್ನಡದ ಮಕ್ಕಳಿಗೆ ಕಥೆ ತರುವವರನ್ನು ಕಳುಹಿಸಬೇಕಾದ ಸರ್ಕಾರ ನಿದ್ರಿಸುತ್ತಿದೆ.

‘ಲೇಖಕ ಮಣ್ಣು ತಿನ್ನಬೇಕೆ?’

ಗ್ರಂಥಸ್ವಾಮ್ಯ ಸಡಿಲವಾದರೆ ಲೇಖಕ ಏನು ತಿನ್ನಬೇಕೆಂಬ ಪ್ರಶ್ನೆಯನ್ನು ನಾವು ತಳ್ಳಿಹಾಕುವಂತಿಲ್ಲ. ದೊಡ್ಡಬಳ್ಳಾಪುರದಲ್ಲಿ ನೇಕಾರನೊಬ್ಬ ಕಣ್ಣು ಸವೆಸಿ ಹೊಸ ಬುಟ್ಟಾ ತೆಗೆದರೆ, ಅದೇ ಮಾದರಿಯ ಅಗ್ಗದ ಸೀರೆ ಸೂರತ್ತಿನಿಂದ ಬಂದಿಳಿಯುತ್ತದೆ ಎಂಬ ಅಳಲನ್ನು ನಾವು ಕೇಳಿದ್ದೇವೆ. ದುಡಿದವನ ದುಡಿಮೆಯನ್ನು ಕದಿಯುವುದು ಸಮಾಜವಾದವಲ್ಲ.

ಆದರೆ ಯಾರು ಯಾರಿಂದ ಕದಿಯುತ್ತಿದ್ದಾರೆ ಎಂಬುದನ್ನು ವಿಂಗಡಿಸಬೇಕು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಎದ್ದುನಿಂತದ್ದು ಯಾರ ಬೆಳೆ ಕದಿಯಲು? ಉಳುವವನೇ ಹೊಲದೊಡೆಯನಾಗಬೇಕೆಂದರು; 1974ರ ಭೂಸುಧಾರಣೆ ಆ ಮಾತನ್ನು ಕಾನೂನು ಮಾಡಿತು. ಗ್ರಂಥಸ್ವಾಮ್ಯದಲ್ಲಿ ಉಳುವವನು ಲೇಖಕ. ಹೊಲಕ್ಕೆ ಕಾಲಿಡದೆ ಗೇಣಿ ಎಣಿಸುವ ಜಮೀನ್ದಾರ ಕಂಪನಿ. 2012ರಲ್ಲಿ ನಮ್ಮ ಸಂಸತ್ತು ಒಂದು ಒಳ್ಳೆಯ ಕೆಲಸ ಮಾಡಿತು: ಸಿನಿಮಾ ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ಗೌರವಧನದ ಪಾಲನ್ನು ನಿರ್ಮಾಪಕನಿಗೆ ಬರೆದುಕೊಟ್ಟರೂ ಆ ಬರಹ ಊರ್ಜಿತವಾಗದೆಂದು ತಿದ್ದುಪಡಿ ತಂದಿತು. ಇದು ಲೇಖಕನ ಪರವಾದ ಕಾನೂನು. ಸತ್ತವನ ಹೆಸರಿನಲ್ಲಿ 95 ವರ್ಷ ಬಾಡಿಗೆ ವಸೂಲಿ ಮಾಡುವುದು ಲೇಖಕನ ಪರವಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದು ನಮ್ಮ ಕಣ್ಣಿಗೆ ಮಣ್ಣೆರಚುವುದು ಇನ್ನು ಸಾಕು.

ದೆಹಲಿ ವಿಶ್ವವಿದ್ಯಾನಿಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ಮಹಾ ಪ್ರಕಾಶನಗಳು ದಾವೆ ಹೂಡಿದವು. ವಿದ್ಯಾರ್ಥಿಗಳಿಗೆ ಪಾಠದ ಪುಟಗಳನ್ನು ನಕಲು ಮಾಡಿಕೊಟ್ಟದ್ದು ಅಪರಾಧವಂತೆ. 2016ರಲ್ಲಿ ದೆಹಲಿ ಹೈಕೋರ್ಟು ಬೋಧನೆಗಾಗಿ ಮಾಡಿದ ನಕಲು ಅಪರಾಧವಲ್ಲವೆಂದು ಎತ್ತಿಹಿಡಿಯಿತು. ಬೀಜದ ಕಥೆಯೂ ಇದೇ. 2019ರಲ್ಲಿ ಪೆಪ್ಸಿ ಕಂಪನಿಯು ತನ್ನ ತಳಿಯ ಆಲೂಗಡ್ಡೆ ಬೆಳೆದರೆಂದು ಗುಜರಾತಿನ ಸಣ್ಣ ರೈತರ ಮೇಲೆ, ಒಬ್ಬೊಬ್ಬರಿಂದ ಕೋಟಿ ರೂಪಾಯಿಗೂ ಮೀರಿ ಪರಿಹಾರ ಕೇಳಿ ದಾವೆ ಹಾಕಿತು. ದೇಶವೆಲ್ಲ ಛೀಗುಟ್ಟಿದ ಮೇಲೆ ಹಿಂತೆಗೆದುಕೊಂಡಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ ನಮ್ಮ ರೈತಸಂಘದವರನ್ನು ಪತ್ರಿಕೆಗಳು ಪುಂಡರೆಂದವು. ಆದರೆ ಅವರು ಹೆದರಿದ್ದ ಡಂಕೆಲ್ ಒಪ್ಪಂದವೇ 1995ರಿಂದ ಜಾರಿಗೆ ಬಂದು, ಬೀಜಕ್ಕೂ ಪುಸ್ತಕಕ್ಕೂ ಒಂದೇ ಕಟ್ಟಿನಲ್ಲಿ ಹಗ್ಗ ಬಿಗಿಯಿತು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಇಷ್ಟು ದಿನ ನಕಲು ಮಾಡುವುದು ಮಹಾಪಾಪವೆಂದು ಜೆರಾಕ್ಸ್ ಅಂಗಡಿಯವನಿಗೆ ಉಪದೇಶ ಮಾಡುತ್ತಿದ್ದ ಲೋಕದಲ್ಲಿ ಈಗ ಒಂದು ಚಮತ್ಕಾರ ನಡೆದಿದೆ. ಮಾತಾಡುವ, ಬರೆಯುವ ಯಂತ್ರಗಳನ್ನು ಮಾಡುವ ಕಂಪನಿಗಳು ಲೋಕದ ಪುಸ್ತಕಗಳನ್ನೆಲ್ಲ ಆ ಯಂತ್ರಗಳಿಗೆ ತಿನ್ನಿಸಿವೆ. ಅಮೆರಿಕದ ಆಂಥ್ರೋಪಿಕ್ ಎಂಬ ಕಂಪನಿ ಕಳ್ಳ ಭಂಡಾರಗಳಿಂದ ಪುಸ್ತಕಗಳನ್ನು ಇಳಿಸಿಕೊಂಡ ಮೊಕದ್ದಮೆಯಲ್ಲಿ 2025ರಲ್ಲಿ 150 ಕೋಟಿ ಡಾಲರು ಕೊಡಲು ರಾಜಿಯಾಯಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರು. ನಮ್ಮ ದೇಶದ ಸುದ್ದಿಸಂಸ್ಥೆ ಎ.ಎನ್.ಐ. ಕೂಡ ಓಪನ್‌ಎಐ ಕಂಪನಿಯ ಮೇಲೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು.

ಆ 150 ಕೋಟಿಯಲ್ಲಿ ಕನ್ನಡದ ಲೇಖಕನಿಗೆ ಎಷ್ಟು? ಆ ರಾಜಿಯ ಪ್ರಕಾರ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಕಾಲಕ್ಕೆ ಸರಿಯಾಗಿ ನೋಂದಣಿಯಾದ ಪುಸ್ತಕಕ್ಕೆ ಮಾತ್ರ ಹಣ. ನಮ್ಮ ತಾಲ್ಲೂಕಿನಲ್ಲಿ ಪುಸ್ತಕ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಗೆಳೆಯರ ಮದುವೆಯಲ್ಲಿ ಹಂಚುವ ಮಾಸ್ತರರು ವಾಷಿಂಗ್ಟನ್ನಿಗೆ ಹೋಗಿ ನೋಂದಣಿ ಮಾಡಿಸಬೇಕಾಗಿತ್ತು ಎಂದಾಯಿತು! ಹುಡುಗ ಪುಟ ನಕಲು ಮಾಡಿದರೆ ಕಳ್ಳ. ಕಂಪನಿ ಗ್ರಂಥಾಲಯವನ್ನೇ ನುಂಗಿದರೆ ಪ್ರಗತಿ. ಯಂತ್ರ ಕನ್ನಡ ಕಲಿಯುವುದು ಬೇಡವೆಂದು ನಾವು ಹೇಳುವುದಿಲ್ಲ, ಕಲಿಯಲಿ. ಆದರೆ ನಮ್ಮ ಗೋಮಾಳದಲ್ಲಿ ಮೇಯ್ದ ಹಸುವಿನ ಹಾಲನ್ನು ನಮಗೇ ಲೆಕ್ಕ ಹಾಕಿ ಮಾರುವ ವ್ಯವಸ್ಥೆಯನ್ನು ಯಾವ ನ್ಯಾಯವೆನ್ನಬೇಕು?

ನಮ್ಮವರೇ ತೋರಿದ ದಾರಿ

ಬೇರೆ ದಾರಿಯಿಲ್ಲವೆಂದು ಯಾರೂ ಹೇಳಬಾರದು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದ ಮೇಲೆ ಅವರು ಬಾಡಿಗೆ ಕೇಳಲಿಲ್ಲ. ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೆ ಅದೇ ತಳಹದಿ. ಅವರು ಅಕ್ಷರಕ್ಕೆ ಪೈಸೆಯೊಂದರಂತೆ ಕೇಳಿದ್ದರೆ ಕನ್ನಡದ ಬೆರಳುಗಳು ಎಲ್ಲಿರುತ್ತಿದ್ದವು? ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಎಲ್ಲರೂ ಬಳಸಬಹುದಾದ ಮುಕ್ತ ಪರವಾನಗಿಗೆ ಒಪ್ಪಿಸಿತು. ದುಡಿಯುವವರ ಲೇಖಕ ನಿರಂಜನರ ಕೃತಿಗಳನ್ನು ಅವರ ಮನೆಯವರೇ ಹಾಗೆ ಬಿಡುಗಡೆ ಮಾಡಿದರು. ನೆರೆಯ ಮದರಾಸು ಸರ್ಕಾರ 1949ರಲ್ಲಿ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ತಾನು ಪಡೆದುಕೊಂಡು, ಆಮೇಲೆ ಜನರಿಗೆ ಒಪ್ಪಿಸಿತು. ವಾರಸುದಾರರಿಗೆ ಹಣ ಕೊಟ್ಟು ಕೃತಿಗಳನ್ನು ನಾಡಿನ ಸೊತ್ತು ಮಾಡುವ ಕ್ರಮ ತಮಿಳುನಾಡಿನಲ್ಲಿ ಮುಂದುವರಿಯಿತು. ಕನ್ನಡದ ಸರ್ಕಾರಕ್ಕೆ ಇದೇಕೆ ತೋಚದು?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ.

ಒಂದು: ಗ್ರಂಥಸ್ವಾಮ್ಯದ ಅವಧಿಯನ್ನು ಮತ್ತೆ 50 ವರ್ಷಕ್ಕೆ ಇಳಿಸಬೇಕು. 

ಎರಡು: ಗತಿಸಿದ ಕನ್ನಡ ಲೇಖಕರ ಕೃತಿಗಳ ಹಕ್ಕನ್ನು, ವಾರಸುದಾರರ ಒಪ್ಪಿಗೆಯಿಂದ, ಮರ್ಯಾದೆಯ ಬೆಲೆ ಕೊಟ್ಟು ಸರ್ಕಾರ ಕೊಂಡು ಜನರಿಗೆ ಒಪ್ಪಿಸಬೇಕು.

ಮೂರು: ಸಾರ್ವಜನಿಕರ ತೆರಿಗೆಯಿಂದ ಅಚ್ಚಾಗುವ ಅಕಾಡೆಮಿ, ಪ್ರಾಧಿಕಾರ, ವಿಶ್ವವಿದ್ಯಾನಿಲಯಗಳ ಪುಸ್ತಕಗಳು ಮೊದಲ ದಿನದಿಂದಲೇ ಸಾರ್ವಜನಿಕರಿಗೆ ಮುಕ್ತವಾಗಿರಬೇಕು, ಬರೆದವರಿಗೆ ಸಂಭಾವನೆ ಮುಂಗಡವಾಗಿ ಸಲ್ಲಬೇಕು.

ನಾಲ್ಕು: 1957ರ ಕಾಯಿದೆಯ 32ನೆಯ ಕಲಮಿನ ಪ್ರಕಾರ, ಪುಸ್ತಕವೊಂದು ಪ್ರಕಟವಾಗಿ 7 ವರ್ಷವಾದರೂ ಭಾಷೆಯೊಂದಕ್ಕೆ ಅನುವಾದವಾಗದಿದ್ದರೆ ಗೌರವಧನ ಕಟ್ಟಿ ಅನುವಾದದ ಪರವಾನಗಿ ಕೇಳಬಹುದು. ಈ ಕಲಮು ಧೂಳು ತಿನ್ನುತ್ತಿದೆ. ವಿಜ್ಞಾನವನ್ನೂ ವೈಜ್ಞಾನಿಕ ಕಥೆಯನ್ನೂ ಕನ್ನಡಕ್ಕೆ ತರಲು ಇದನ್ನು ಸರ್ಕಾರವೇ ಬಳಸಬೇಕು.

ಐದು: ಕನ್ನಡದ ಬರವಣಿಗೆಯನ್ನು ಯಂತ್ರಕ್ಕೆ ಉಣಿಸಿ ಲಾಭ ಮಾಡುವ ಕಂಪನಿಗಳಿಂದ ಕರ ಎತ್ತಬೇಕು, ಆ ಹಣ ಬದುಕಿರುವ ಲೇಖಕರಿಗೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೂ ಹೋಗಬೇಕು.

ಇವು ಆಗದ ಕೆಲಸಗಳೆಂದು ನಗುವವರು ನಮ್ಮ ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಡೆ ನೋಡಲಿ. 13 ಹಳ್ಳಿಗಳ 1,777 ಎಕರೆ ಜಮೀನನ್ನು ವಿಮಾನೋದ್ಯಮಕ್ಕೆ ಕೊಡಲು ಗುರುತು ಹಾಕಿದ್ದರು. ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ ತಿಂಗಳಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸಾರಬೇಕಾಯಿತು. ಬೇಲಿ ಹಾಕುವುದು ಮನುಷ್ಯರ ಕೆಲಸ, ಕೀಳುವುದೂ ಮನುಷ್ಯರ ಕೆಲಸವೇ. ನೆಲದ ಬೇಲಿಯಾದರೆ ಕಣ್ಣಿಗೆ ಕಾಣುತ್ತದೆ. ಅಕ್ಷರದ ಬೇಲಿ ಕಾಣುವುದಿಲ್ಲ. ಅದು ಅಲ್ಲಿದೆಯೆಂದು ಮೊದಲು ಹಳ್ಳಿ ಹಳ್ಳಿಗೆ ತಿಳಿಸೋಣ. ಈ ಐದು ಬೇಡಿಕೆಗಳನ್ನು ಬರುವ ಗ್ರಾಮಸಭೆಗಳಲ್ಲಿ ನಿರ್ಣಯವಾಗಿ ಮಂಡಿಸಿ, ಬಹುಮತದಿಂದ ಅಂಗೀಕರಿಸಿ, ತಾಲ್ಲೂಕು ಕಚೇರಿಗೆ ಮುಟ್ಟಿಸುವ ಕೆಲಸವನ್ನು ಸಾಸಲು ಹೋಬಳಿಯಿಂದಲೇ ಆರಂಭಿಸೋಣ.